ವಿನಾಯಿತಿ ಸಿಕ್ಕಿತು, ಪಾಠ ಎಲ್ಲಿ ಹೋಯ್ತು?

ಎಸ್‌ಎಸ್‌ಎಲ್‌ಸಿಗೆ ಮಕ್ಕಳ ಹೆಸರು ನೋಂದಾಯಿಸುವ ಸಮಯ ಬಂತು ಅಂದರೆ ಕಲಿಕಾ ನ್ಯೂನತೆ ಇರುವ ಮಕ್ಕಳ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಮಾತು ಖಾಯಂ. ಒಂದು, "ಇವರಿಗೆಲ್ಲ ಎಕ್ಸ್‌ಟ್ರಾ ಟೈಮು, ಬರೆಯೋಕೆ ಬೇರೆ ಹುಡುಗ, ಮೇಲೆ ಒಂದು ಭಾಷೆ ಬೇರೆ ಮಾಫಿ. ಕಷ್ಟಪಟ್ಟು ಓದೋ ಮಕ್ಕಳಿಗೆ ಅನ್ಯಾಯ ಅಲ್ವಾ ಮೇಡಂ?" ಇನ್ನೊಂದು, "ಪಾಪ, ಆ ಮಗು ಕೈಲಿ ಏನಾಗುತ್ತೆ, ಇರೋ ಕನ್ಸೆಷನ್ ಎಲ್ಲ ಹಾಕಿ ಪಾಸ್ ಮಾಡಿಸಿಬಿಡಿ." ಮೊದಲನೆಯವರು ಕಟು, ಎರಡನೆಯವರು ಕರುಣಾಳು ಅಂತ ಕೇಳಿದವರಿಗೆ ಅನ್ನಿಸಬಹುದು. ನನಗೆ ಇಬ್ಬರೂ ಒಂದೇ. ಆ ಮಗು ಹತ್ತನೇ ಕ್ಲಾಸು ಮುಗಿಸುವ ಹೊತ್ತಿಗೆ ಏನು ಕಲಿತಿರಬೇಕು ಅಂತ ಇಬ್ಬರೂ ಕೇಳುವುದಿಲ್ಲ.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಈಗ ಅಲ್ಲೇ ರಿಸೋರ್ಸ್ ರೂಮ್ ನೋಡಿಕೊಳ್ಳುತ್ತೇನೆ. ಓದಲು, ಬರೆಯಲು, ಲೆಕ್ಕ ಮಾಡಲು ವಿಪರೀತ ತೊಂದರೆ ಇರುವ ಮಕ್ಕಳು ದಿನಕ್ಕೆ ಒಂದೋ ಎರಡೋ ಪೀರಿಯಡ್ ನನ್ನ ಹತ್ತಿರ ಬರುತ್ತಾರೆ. ಈ ಮೂರು ತೊಂದರೆಗಳನ್ನೇ ಕ್ರಮವಾಗಿ ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾ ಅಂತ ಸರ್ಟಿಫಿಕೇಟಿನಲ್ಲಿ ಬರೆದಿರುತ್ತದೆ. ಎಲ್ಲವೂ ಸೇರಿ ಕಾನೂನಿನ ಭಾಷೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ. ಬುದ್ಧಿ ಕಡಿಮೆ ಇಲ್ಲ, ಕಣ್ಣು ಕಿವಿ ಚೆನ್ನಾಗಿವೆ, ಆದರೂ ಅಕ್ಷರವೋ ಅಂಕಿಯೋ ಕೈಗೆ ಹತ್ತುವುದಿಲ್ಲ.

1995ರ ಅಂಗವಿಕಲರ ಕಾಯ್ದೆಯಲ್ಲಿ ಈ ಮಕ್ಕಳು ಇರಲೇ ಇಲ್ಲ. ಅದರಲ್ಲಿದ್ದದ್ದು 7 ಬಗೆಯ ಅಂಗವೈಕಲ್ಯ. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು, ಅದರಲ್ಲಿ ಕಲಿಕಾ ನ್ಯೂನತೆಯೂ ಸೇರಿತು. 2017ರ ಏಪ್ರಿಲ್‌ನಿಂದ ಜಾರಿ. ಈ ಕಾಯ್ದೆಯ 17ನೇ ಸೆಕ್ಷನ್ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಹೆಚ್ಚುವರಿ ಸಮಯ, ಬರೆದುಕೊಡುವವರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಎಲ್ಲ ಅಲ್ಲೇ ಇರುವುದು. ಅದರ ಹಿಂದಿನದೇ 16ನೇ ಸೆಕ್ಷನ್. ಅದನ್ನು ಓದಿದವರನ್ನು ನಾನು ಬೆರಳಲ್ಲಿ ಎಣಿಸಬಹುದು. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಹಾಗೆ ಪಾಠ ಮಾಡಬೇಕು ಅನ್ನುತ್ತದೆ ಅದು. ಪ್ರತಿ ಮಗುವಿನ ಕಲಿಕೆಯ ಮಟ್ಟ ಎಲ್ಲಿಗೆ ಬಂತು, ಓದು ಪೂರ್ತಿ ಮಾಡಿತಾ ಅಂತ ನೋಡುತ್ತಾ ಇರಬೇಕು ಅಂತಲೂ ಅದರಲ್ಲೇ ಇದೆ. ಅಂದರೆ ಮೊದಲು ಕಲಿಸಿ, ಆಮೇಲೆ ಪರೀಕ್ಷೆಯಲ್ಲಿ ಅನುಕೂಲ ಮಾಡಿಕೊಡಿ. ನಾವು ಮೊದಲನೆಯದನ್ನು ಹಾರಿಸಿ ನೇರ ಎರಡನೆಯದಕ್ಕೆ ಬಂದಿದ್ದೇವೆ.

ಈ ವಿನಾಯಿತಿಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಿ ಮಾತಾಡುವುದೇ ಅರ್ಧ ಗೊಂದಲಕ್ಕೆ ಕಾರಣ. ಇದರಲ್ಲಿ ಎರಡು ಜಾತಿ ಇದೆ.

ಒಂದು, ಉತ್ತರ ಹೇಳುವ ರೀತಿಯನ್ನು ಮಾತ್ರ ಬದಲಿಸುವುದು. ನನ್ನ ಹತ್ತಿರ ಒಬ್ಬ ಹುಡುಗ ಇದ್ದ. ಎಲೆ ಹೇಗೆ ಬಿಸಿಲು, ನೀರು, ಗಾಳಿ ಸೇರಿಸಿಕೊಂಡು ಆಹಾರ ಮಾಡಿಕೊಳ್ಳುತ್ತದೆ ಅಂತ ಕೇಳಿದರೆ ಐದು ನಿಮಿಷ ನಿಲ್ಲಿಸದೆ ಹೇಳುವವನು, ಪತ್ರರಂಧ್ರ ರಾತ್ರಿ ಏನು ಮಾಡುತ್ತೆ ಮಿಸ್ ಅಂತ ನನಗೇ ತಿರುಗಿಸಿ ಪ್ರಶ್ನೆ ಹಾಕುವವನು. ಬರೆಯಲು ಕೂರಿಸಿದರೆ ಮಾತ್ರ 'ದುತಿ ಸಂಸ್ಲೆಸನೆ' ಅಂತ ಬರೆದು, ಹೊಡೆದು, ಮತ್ತೆ ಬರೆದು, ಅಷ್ಟರಲ್ಲಿ ಬೆಲ್ಲು. ವಿಜ್ಞಾನದ ಪತ್ರಿಕೆ ಅಳೆಯಬೇಕಾದದ್ದು ದ್ಯುತಿಸಂಶ್ಲೇಷಣೆ ಅವನಿಗೆ ಅರ್ಥ ಆಗಿದೆಯಾ ಅನ್ನುವುದನ್ನ. ಒತ್ತಕ್ಷರ ಬರುತ್ತಾ ಅಂತ ನೋಡಲು ಕನ್ನಡದ ಪತ್ರಿಕೆ ಬೇರೆ ಇದೆ. ಈ ಹುಡುಗನಿಗೆ ಬರೆದುಕೊಡಲು ಒಬ್ಬರನ್ನು ಕೂರಿಸಿದರೆ, ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಹೆಚ್ಚು ಸಮಯ ಕೊಟ್ಟರೆ ವಿಜ್ಞಾನದ ಮಟ್ಟ ಒಂದು ಕೂದಲಿನಷ್ಟೂ ಇಳಿಯುವುದಿಲ್ಲ. ಪ್ರಶ್ನೆ ಅದೇ, ಉತ್ತರ ಅದೇ, ಮೌಲ್ಯಮಾಪನ ಅದೇ. ಅನ್ಯಾಯ ಅನ್ನುವವರಿಗೆ ನಾನು ಕೇಳುವುದು ಇಷ್ಟೇ. ಮೂರು ಗಂಟೆ ಬದಲು ನಾಲ್ಕು ಗಂಟೆ ಕೊಟ್ಟರೆ, ಗೊತ್ತಿಲ್ಲದ ಉತ್ತರ ಎಲ್ಲಿಂದ ಬರುತ್ತೆ?

ಸುಪ್ರೀಂ ಕೋರ್ಟಿನ ನಿಲುವೂ ಇದೇ. 2021ರ ನೀಟ್‌ನಲ್ಲಿ ಡಿಸ್‌ಗ್ರಾಫಿಯಾ ಇದ್ದ ಒಬ್ಬ ವಿದ್ಯಾರ್ಥಿನಿಗೆ ಸಿಗಬೇಕಾದ ಒಂದು ಗಂಟೆ ಹೆಚ್ಚುವರಿ ಸಮಯ ಪರೀಕ್ಷಾ ಕೇಂದ್ರದಲ್ಲಿ ಸಿಗಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ತೀರ್ಪು ಬಂತು. ಮರುಪರೀಕ್ಷೆಗೆ ಕೋರ್ಟು ಒಪ್ಪಲಿಲ್ಲ. ಆದರೆ ಆದ ಅನ್ಯಾಯವನ್ನು ಹೇಗೆ ಸರಿಪಡಿಸುತ್ತೀರಿ ನೋಡಿ ಅಂತ ಪರೀಕ್ಷಾ ಸಂಸ್ಥೆಗೆ ಹೇಳಿತು. ಇಂಥ ಅನುಕೂಲ ಮಗುವಿನ ಹಕ್ಕು, ಯಾರೋ ತೋರಿಸುವ ದಯೆ ಅಲ್ಲ.

ಎರಡನೇ ಜಾತಿ, ವಿಷಯವನ್ನೇ ತೆಗೆದುಬಿಡುವುದು. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ಸರಿಯಾಗಿ ನೋಡಿ. ಗಣಿತದ ದಿನ ಪಕ್ಕದಲ್ಲಿ ಸಮಾಜಶಾಸ್ತ್ರ ಅಂತ ಇರುತ್ತದೆ. ವಿಜ್ಞಾನದ ದಿನ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ. ಬಹಳ ಜನಕ್ಕೆ ಇದು ಯಾರಿಗೆ ಅಂತಲೇ ಗೊತ್ತಿರುವುದಿಲ್ಲ. ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳುವ ಇಂಥ ಮಕ್ಕಳಿಗೆ ಇದು.

ಈ ಆಯ್ಕೆ ಇರಬೇಕು. ಡಿಸ್‌ಕ್ಯಾಲ್ಕುಲಿಯಾ ಜೋರಾಗಿರುವ ಮಗುವಿಗೆ ಎಂಟು ಮತ್ತು ಹದಿನೆಂಟರಲ್ಲಿ ಯಾವುದು ದೊಡ್ಡದು ಅಂತ ಹೇಳಲೂ ತಡಕಾಡಬೇಕಾಗುತ್ತೆ. ಅಂಥವರನ್ನು ವರ್ಗ ಸಮೀಕರಣದ ಮುಂದೆ ಕೂರಿಸಿ ಅಳಿಸುವುದರಿಂದ ಯಾರಿಗೆ ಏನು ಲಾಭ? ಅಂಥವರು ಗಣಿತ ಬಿಟ್ಟು ನೆಮ್ಮದಿಯಾಗಿ ಓದಿದ್ದನ್ನ ನಾನೇ ನೋಡಿದ್ದೇನೆ. ನನ್ನ ತಕರಾರು ಬೇರೆ. ಈ ಆಯ್ಕೆಯನ್ನು ಯಾರಿಗೆ, ಯಾವಾಗ, ಯಾಕೆ ಕೊಡುತ್ತಿದ್ದೇವೆ ಅನ್ನುವುದು.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಅಪ್ಪನದು ಹಾರ್ಡ್‌ವೇರ್ ಅಂಗಡಿ, ಸಂಜೆ ಅವನೇ ಗಲ್ಲಾದಲ್ಲಿ ಕೂರುತ್ತಿದ್ದ. ಬಾಯಿಲೆಕ್ಕ ಅಂದರೆ ಬಾಯಿಲೆಕ್ಕ, ಹದಿಮೂರು ಅಡಿ ಪೈಪು, ಅಡಿಗೆ ಇಷ್ಟು, ಅದರ ಮೇಲೆ ಇಷ್ಟು ಪರ್ಸೆಂಟ್ ಬಿಟ್ಟು ಅಂತ ನಾವು ಫೋನ್ ತೆಗೆಯುವಷ್ಟರಲ್ಲಿ ಹೇಳಿಬಿಡುತ್ತಿದ್ದ. ಅವನ ತೊಂದರೆ ಓದುವುದರಲ್ಲಿ. ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟರೆ ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೇ ಸಾಲು ಮರೆತಿರುತ್ತಿತ್ತು. ಇವನು ಬೇರೊಂದು ಶಾಲೆಯಲ್ಲಿದ್ದಾಗ ಗಣಿತದಲ್ಲಿ ಫೇಲ್ ಆಗುತ್ತಾನೆ ಅಂತ ಗಣಿತ ತೆಗೆಸಿ ಸಮಾಜಶಾಸ್ತ್ರ ಕೊಡಿಸಲು ಹೊರಟಿದ್ದರಂತೆ. ಓದಲು ಕಷ್ಟಪಡುವ ಮಗುವಿಗೆ ಲೆಕ್ಕ ಕಿತ್ತುಕೊಂಡು ಪುಟಗಟ್ಟಲೆ ಓದುವ ವಿಷಯ! ಅವರಮ್ಮ ಇಲ್ಲಿಗೆ ಕರೆದುಕೊಂಡು ಬಂದಾಗ ಕೇಳಿದ್ದು, "ಅವ್ನು ಎಲೆಕ್ಟ್ರಿಷಿಯನ್ ಆಗ್ಬೇಕು ಅಂತಾನೆ ಮೇಡಂ, ಇದ್ರಿಂದ ಏನೂ ತೊಂದ್ರೆ ಇಲ್ವಲ್ಲ?"

ತೊಂದರೆ ಇದೆ. ಐಟಿಐನ ಎಲೆಕ್ಟ್ರಿಷಿಯನ್ ಟ್ರೇಡಿಗೆ ಹತ್ತನೇ ತರಗತಿಯಲ್ಲಿ ಗಣಿತ, ವಿಜ್ಞಾನ ಓದಿರಬೇಕು. ಪಾಲಿಟೆಕ್ನಿಕ್‌ಗೂ ಹಾಗೇ. ಪಿಯುಸಿ ಸೈನ್ಸ್ ಬಗ್ಗೆ ಹೇಳುವುದೇ ಬೇಡ. ಕೈಕೆಲಸದಲ್ಲಿ ಚುರುಕಾಗಿರುವ ಮಕ್ಕಳು ಸಹಜವಾಗಿ ಹೋಗಬಹುದಾದ ಕಡೆಯೇ ಬಾಗಿಲು ಹಾಕಿಬಿಡುತ್ತೇವೆ, ಅದೂ ಹದಿನಾಲ್ಕು ವರ್ಷಕ್ಕೆ, ಅದೂ ಒಂದು ಫಾರ್ಮು ತುಂಬುವ ಗಡಿಬಿಡಿಯಲ್ಲಿ. ಆ ಹುಡುಗನಿಗೆ ಪ್ರಶ್ನೆಯನ್ನು ಓದಿ ಹೇಳುವವರು ಒಬ್ಬರು ಬೇಕಾಗಿತ್ತು. ಅಷ್ಟು ಮಾಡಿದ್ದಕ್ಕೆ ಅವನು ಗಣಿತ ಬರೆದ.

ಇನ್ನು ಪಾಸಿಂಗ್ ಪ್ಯಾಕೇಜ್. ಕರ್ನಾಟಕದ ಹೈಸ್ಕೂಲು ಮೇಷ್ಟ್ರುಗಳಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಪ್ರತಿ ವರ್ಷ ಬಂದೇ ಬರುತ್ತದೆ ಅನ್ನುವ ಪ್ರಶ್ನೆಗಳನ್ನು ಆರಿಸಿ ಒಂದು ಸಣ್ಣ ಪುಸ್ತಕ ಮಾಡುತ್ತಾರೆ. ಗಣಿತದಲ್ಲಿ ಒಂದೆರಡು ಪ್ರಮೇಯ, ಒಂದು ನಕ್ಷೆ. ವಿಜ್ಞಾನದಲ್ಲಿ ಹೃದಯದ ಚಿತ್ರ, ನೆಫ್ರಾನ್ ಚಿತ್ರ. ಸಮಾಜದಲ್ಲಿ ಭಾರತದ ಭೂಪಟ. ಇಷ್ಟು ಉರು ಹೊಡೆದರೆ ಪಾಸಿನ ಗೆರೆ ದಾಟಬಹುದು. ಡಿಸೆಂಬರ್ ದಾಟಿದ ಮೇಲೆ 'ನಿಧಾನ ಕಲಿಕೆಯ ಮಕ್ಕಳು' ಅಂತ ಒಂದು ಪಟ್ಟಿ ಮಾಡಿ ಇದನ್ನೇ ತಿರುಗಿಸಿ ಮುರುಗಿಸಿ ಬರೆಸುತ್ತಾರೆ.

ಜಿಲ್ಲೆಯ ಫಲಿತಾಂಶ ಇಷ್ಟು ಬರಲೇಬೇಕು ಅಂತ ಮೇಲಿಂದ ಒತ್ತಡ ಇರುವಾಗ ಪಾಪ ಆ ಶಿಕ್ಷಕರು ತಾನೇ ಏನು ಮಾಡುತ್ತಾರೆ, ಅವರನ್ನು ನಾನು ಬೈಯುವುದಿಲ್ಲ. ರಾತ್ರಿ ಮಕ್ಕಳ ಮನೆಗೆ ಫೋನ್ ಮಾಡಿ ಓದುತ್ತಿದ್ದಾರಾ ಅಂತ ವಿಚಾರಿಸುವವರೂ ಅವರೇ. ಆದರೆ ಆ ಪಟ್ಟಿಯಲ್ಲಿ ಯಾರ್‍ಯಾರು ಇರುತ್ತಾರೆ ನೋಡಿ. ತಿಂಗಳುಗಟ್ಟಲೆ ಶಾಲೆಗೆ ಬರದವನು, ಮನೆಯಲ್ಲಿ ಓದುವ ಜಾಗ ಇಲ್ಲದವಳು, ಓದುವುದು ಬೇಜಾರು ಅನ್ನುವವನು, ಮತ್ತು ಡಿಸ್ಲೆಕ್ಸಿಯಾ ಇರುವ ಮಗು, ಎಲ್ಲರೂ ಒಂದೇ ಬೆಂಚಿನಲ್ಲಿ. ಇವರಲ್ಲಿ ಕೊನೆಯ ಮಗುವಿಗೆ ಈ ಔಷಧಿ ಉಲ್ಟಾ ಕೆಲಸ ಮಾಡುತ್ತದೆ. ಅರ್ಥ ಮಾಡಿಕೊಳ್ಳುವುದು ಅದರ ಬಲ, ನೋಡಿ ಬರೆದು ನೆನಪಿಟ್ಟುಕೊಳ್ಳುವುದೇ ಅದರ ದೌರ್ಬಲ್ಯ. ನಾವು ಬಲವನ್ನು ಪಕ್ಕಕ್ಕಿಟ್ಟು ದೌರ್ಬಲ್ಯದ ಮೇಲೆ ಮೂರು ತಿಂಗಳು ದುಡಿಸುತ್ತೇವೆ. ಥೇಲ್ಸನ ಪ್ರಮೇಯವನ್ನು ಹತ್ತು ಸಲ ಬರೆದ ಹುಡುಗಿಗೆ, ತ್ರಿಭುಜದ ಒಳಗಿನ ಈ ಗೆರೆ ಸ್ವಲ್ಪ ಕೆಳಗೆ ಎಳೆದರೆ ಏನಾಗುತ್ತಮ್ಮಾ ಅಂತ ಕೇಳಿದೆ. "ಅದು ಪ್ಯಾಕೇಜಲ್ಲಿ ಇಲ್ಲ ಮಿಸ್" ಅಂದಳು.

ಇದೆಲ್ಲ ಹತ್ತನೇ ಕ್ಲಾಸಿನ ರಾಮಾಯಣ. ನಿಜವಾದ ಕೆಲಸ ಇರುವುದು ಕೆಳಗೆ, ಪ್ರೈಮರಿಯಲ್ಲಿ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಗೆ ನಲಿಕಲಿ ಅನ್ನುವ ಕಲಿಕೆಯ ಪದ್ಧತಿ ಇದೆ. 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲೇ ಶುರುವಾದದ್ದು ಅಂತ ನಮಗೆ ಸ್ವಲ್ಪ ಜಂಬ. ಅದರ ಬಗ್ಗೆ ಹೊಗಳಿಕೆ, ತೆಗಳಿಕೆ ಎರಡೂ ಉಂಟು, ಅದು ಇರಲಿ. ಅದರಲ್ಲಿರುವ ಒಂದು ವಿಚಾರ ನನಗೆ ಬಹಳ ಇಷ್ಟ. ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು. ಎಲ್ಲ ಮಕ್ಕಳಿಗೂ ಏಣಿ ಒಂದೇ, ಹತ್ತುವ ವೇಗ ಅವರವರದು. ರ, ಗ, ಸ, ದ, ಅ ದಿಂದ ಶುರು ಮಾಡಿದ ಮಗು ಆ ಮೈಲಿಗಲ್ಲು ದಾಟದೆ ಮುಂದಿನ ಕಾರ್ಡಿಗೆ ಹೋಗುವಂತಿಲ್ಲ, ಹಾಗೇ ಪಕ್ಕದವನು ಮುಂದೆ ಹೋದ ಅಂತ ಇವನ ಏಣಿಯ ಮೆಟ್ಟಿಲನ್ನು ಕಿತ್ತು ಗಿಡ್ಡ ಮಾಡುವುದೂ ಇಲ್ಲ. ಕಲಿಕಾ ನ್ಯೂನತೆ ಇರುವ ಮಗುವಿಗೆ ಬೇಕಾದದ್ದು ಇದೇ ತಾನೇ? ಆದರೆ ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಮಾಯ. ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ವೇಗ, ಇವತ್ತು ನಾಲ್ಕನೇ ಪಾಠ ಅಂದರೆ ನಾಲ್ಕನೇ ಪಾಠ.

ಇದಾಗುವ ಹೊತ್ತು ನೋಡಿ. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಶಿಕ್ಷಕರು ಮಕ್ಕಳನ್ನು ಗಮನಿಸಿ ಕಲಿಕಾ ನ್ಯೂನತೆ ಇರಬಹುದಾ ಅಂತ ನೋಡಬೇಕಾದದ್ದು ಮೂರನೇ ತರಗತಿಯಲ್ಲಿ, ಸುಮಾರು 8 ವರ್ಷಕ್ಕೆ. ಅದಕ್ಕಿಂತ ಮುಂಚೆ ಪ್ರಮಾಣಪತ್ರ ಕೊಡುವುದಿಲ್ಲ, ಯಾಕೆಂದರೆ ಚಿಕ್ಕ ಮಕ್ಕಳಲ್ಲಿ ನಿಧಾನಕ್ಕೂ ನ್ಯೂನತೆಗೂ ವ್ಯತ್ಯಾಸ ಹೇಳುವುದು ಕಷ್ಟ. ಅಂದರೆ ತೊಂದರೆ ಗೊತ್ತಾಗುವ ಹೊತ್ತಿಗೇ ಅವರವರ ವೇಗದಲ್ಲಿ ಕಲಿಯುವ ವ್ಯವಸ್ಥೆಯೂ ಮುಗಿಯುತ್ತದೆ.

ಕನ್ನಡದ ಓದು ಬೇರೆ ತುಂಬಾ ದಿನ ಹಿಡಿಯುವಂಥದ್ದು. ಇಂಗ್ಲಿಷಿನಲ್ಲಿ 26 ಅಕ್ಷರ ಕಲಿತು ಆಮೇಲೆ ಸ್ಪೆಲಿಂಗ್ ಜೊತೆ ಗುದ್ದಾಡಬೇಕು. ನಮ್ಮಲ್ಲಿ ಸ್ಪೆಲಿಂಗ್ ಗೋಳು ಕಡಿಮೆ, ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪ. ಪ, ವ, ಷ, ಫ ನೋಡಲು ಹತ್ತಿರ ಹತ್ತಿರ. ಅರ್ಕಾವತ್ತು ಇನ್ನೂ ಮಜಾ. 'ಸೂರ್ಯ' ಅನ್ನುವಾಗ ರ್ ಮೊದಲು ಬಾಯಿಗೆ ಬರುತ್ತೆ, ಬರೆಯುವಾಗ ಅದರ ಗುರುತು ಕೊನೆಗೆ ಬರುತ್ತೆ. ಮಾಮೂಲಿ ಮಕ್ಕಳೇ ಇದನ್ನೆಲ್ಲ ಹಿಡಿತಕ್ಕೆ ತಂದುಕೊಳ್ಳುವಾಗ ನಾಲ್ಕನೇ ತರಗತಿ ದಾಟಿರುತ್ತೆ. ಆದ್ದರಿಂದ ಕನ್ನಡದಲ್ಲಿ ಡಿಸ್ಲೆಕ್ಸಿಯಾ ಇರುವ ಮಗು ಎಷ್ಟೋ ಸಲ ತಪ್ಪಾಗಿ ಓದುವುದಕ್ಕಿಂತ ಜಾಸ್ತಿ ನಿಧಾನವಾಗಿ ಓದುತ್ತೆ. ಒಂದೊಂದೇ ಅಕ್ಷರ ಕೂಡಿಸಿ, ಕೂಡಿಸಿ. ಸರಿಯಾಗೇ ಓದಿದನಲ್ಲ ಅಂತ ನಾವು ಸುಮ್ನಾಗುತ್ತೇವೆ. ಏಳನೇ ಕ್ಲಾಸಿಗೆ ಬಂದು ಸಮಾಜ ವಿಜ್ಞಾನದ ಪಾಠಗಳು ಉದ್ದವಾದಾಗ ಗುಟ್ಟು ಬಯಲಾಗುತ್ತೆ.

ಒಂದು ಮಾತು ಮಧ್ಯದಲ್ಲಿ ಹೇಳಿಬಿಡುತ್ತೇನೆ. ಹಸುವನ್ನು ಅಸು ಅಂತ, ಶಾಲೆಯನ್ನು ಸಾಲೆ ಅಂತ ಬರೆಯುವುದು ಡಿಸ್ಲೆಕ್ಸಿಯಾ ಅಲ್ಲ. ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೆ ಬರೆದಿದೆ ಮಗು, ಅಷ್ಟೇ. ಅದೇ ಥರ, ಮನೆಯಲ್ಲಿ ಒಂದು ಇಂಗ್ಲಿಷ್ ಪದ ಕೇಳದ ಮಗುವನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿ, ಓದಲ್ಲ ಅಂತ ಟೆಸ್ಟಿಗೆ ಕರೆದುಕೊಂಡು ಓಡುವವರೂ ಇದ್ದಾರೆ. ಮೊದಲು ಕನ್ನಡದಲ್ಲಿ ಓದಿಸಿ ನೋಡಿ. ಎರಡರಲ್ಲೂ ತೊಂದರೆ ಇದ್ದರೆ ಆಗ ಯೋಚಿಸೋಣ.

ಹಾಗಾದರೆ ಮಟ್ಟ ಕಾಪಾಡಿಕೊಂಡು ಕಲಿಸುವುದು ಅಂದರೆ ಹೇಗೆ? ನಾನು ಮಾಡುವುದು ದೊಡ್ಡದೇನಲ್ಲ. ಕ್ಲಾಸಿನಲ್ಲಿ ನಡೆಯುವ ಪಾಠವನ್ನೇ ಇಟ್ಟುಕೊಳ್ಳುತ್ತೇನೆ, ಆರನೇ ಕ್ಲಾಸಿನ ಸುಲಭದ ಪುಸ್ತಕ ತಂದು ಕೊಡುವುದಿಲ್ಲ. ಪಾಠವನ್ನು ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ, ಮಗು ಕೇಳಿಕೊಂಡು ಬರುತ್ತೆ, ಚರ್ಚೆಯಲ್ಲಿ ಎಲ್ಲರ ಸಮ ಮಾತಾಡುತ್ತೆ. ಪದ್ಯ ಕಂಠಪಾಠವನ್ನು ಮೊದಲು ಬಾಯಲ್ಲಿ ಒಪ್ಪಿಸಿ ಅನ್ನುತ್ತೇನೆ. ರಾಗವಾಗಿ ಹೇಳುವ ಮಕ್ಕಳನ್ನ ನೋಡಿದರೆ ನಿಮಗೆ ಆಶ್ಚರ್ಯ ಆಗುತ್ತೆ, ಅದೇ ಪದ್ಯವನ್ನ ಬರೆ ಅಂದರೆ ನಾಲ್ಕು ಸಾಲಿಗೆ ಬೆವರುತ್ತಾರೆ. ಅದರ ಜೊತೆಗೆ, ಅದರ ಬದಲು ಅಲ್ಲ, ಓದುವ ಅಭ್ಯಾಸ ಪ್ರತ್ಯೇಕವಾಗಿ ದಿನಾ ನಡೆಯಬೇಕು. ಒತ್ತಕ್ಷರ ಬಿಡಿಸುವುದು, ಶಬ್ದ ಒಡೆಯುವುದು, ಅದೇ ಪ್ಯಾರಾ ಮತ್ತೆ ಮತ್ತೆ ಓದಿ ವೇಗ ನೋಡುವುದು. ಬೋರಿಂಗ್ ಕೆಲಸ. ಬೇರೆ ದಾರಿ ಇಲ್ಲ.

ಅಮೆರಿಕದಲ್ಲಿ ಇಂಥ ಪ್ರತಿ ಮಗುವಿಗೂ ಐಇಪಿ ಅಂತ ಒಂದು ಬರಹ ಇರಬೇಕು, ಈ ವರ್ಷ ಏನು ಕಲಿಯಬೇಕು, ಕಲಿತಿದೆ ಅಂತ ಹೇಗೆ ಗೊತ್ತಾಗುತ್ತೆ ಎಲ್ಲ ಅದರಲ್ಲಿ. 2017ರಲ್ಲಿ ಎಂಡ್ರೂ ಎಫ್. ಅನ್ನುವ ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ಕೊಲರಾಡೋದ ಆ ಹುಡುಗನಿಗಿದ್ದದ್ದು ಆಟಿಸಂ. ವರ್ಷ ವರ್ಷ ಹೆಚ್ಚುಕಮ್ಮಿ ಅದೇ ಗುರಿಗಳನ್ನು ಬರೆಯುತ್ತಿದ್ದಾರೆ, ಮಗ ಮುಂದೆ ಹೋಗುತ್ತಿಲ್ಲ ಅನ್ನುವುದು ಅಪ್ಪ ಅಮ್ಮನ ದೂರು. ಏನೋ ಚೂರು ಪ್ರಗತಿ ಇದ್ದರೆ ಸಾಕು ಅನ್ನುವ ವಾದವನ್ನು ಕೋರ್ಟು ಒಪ್ಪಲಿಲ್ಲ. ಆ ಮಗುವಿನ ಸ್ಥಿತಿಗೆ ತಕ್ಕಂತೆ, ಆದರೆ ನಿಜವಾಗಿ ಎತ್ತರದ ಗುರಿ ಇರಬೇಕು ಅಂದಿತು. ಅಲ್ಲೂ ಎಲ್ಲ ಸರಿಯಿಲ್ಲ ಬಿಡಿ, ದುಡ್ಡಿದ್ದವರು ವಕೀಲರನ್ನು ಹಿಡಿಯುತ್ತಾರೆ. ಆದರೂ ಕೋರ್ಟಿನಲ್ಲಿ ಜಗಳ ನಡೆದದ್ದು ಮಗು ಎಷ್ಟು ಕಲಿಯಬೇಕು ಅನ್ನುವುದರ ಮೇಲೆ. ನಮ್ಮಲ್ಲಿ ಜಗಳ ನಡೆಯುವುದು ಎಷ್ಟು ಬಿಡಬಹುದು ಅನ್ನುವುದರ ಮೇಲೆ.

ನಮ್ಮಲ್ಲಿ ಹಾಗೆ ಬರೆದು ಹಿಂಬಾಲಿಸಲು ಜನ ಬೇಕಲ್ಲ. ಸುಪ್ರೀಂ ಕೋರ್ಟು 2021ರಲ್ಲಿ ಪ್ರೈಮರಿಯಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಅದರ ಮೇಲೆ 15ಕ್ಕೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂತ ಹೇಳಿದೆ. ನಮ್ಮ ತಾಲ್ಲೂಕಿನಲ್ಲಿ ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರೊಬ್ಬರು ಬೈಕಿನಲ್ಲಿ ಶಾಲೆಯಿಂದ ಶಾಲೆಗೆ ಸುತ್ತುತ್ತಾರೆ. ಒಂದು ಶಾಲೆಗೆ ಮತ್ತೆ ಬರುವಷ್ಟರಲ್ಲಿ ಮಗು ಅವರ ಮುಖ ಮರೆತಿರುತ್ತೆ.

ಎನ್‌ಐಒಎಸ್‌ಗೆ, ಅಂದರೆ ಕೇಂದ್ರದ ಮುಕ್ತ ಶಾಲೆಗೆ ಹಾಕಲಾ ಅಂತ ಅಪ್ಪ ಅಮ್ಮಂದಿರು ಕೇಳುತ್ತಿರುತ್ತಾರೆ. ಒಳ್ಳೆಯ ದಾರಿಯೇ. ಐದು ವಿಷಯ, ಅದರಲ್ಲಿ ಒಂದು ಭಾಷೆ ಇದ್ದರೂ ಸಾಕು, ಐದು ವರ್ಷದ ಒಳಗೆ ಬಿಡಿಬಿಡಿಯಾಗಿ ಬರೆದು ಮುಗಿಸಬಹುದು. ಆದರೆ ಶಾಲೆಯವರು ತಮ್ಮ ಫಲಿತಾಂಶ ಕೆಡಬಾರದು ಅಂತ ಒಂಬತ್ತನೇ ಕ್ಲಾಸಿನಲ್ಲಿ ಮಗುವನ್ನು ಆ ಕಡೆ ತಳ್ಳುತ್ತಿದ್ದರೆ ಒಪ್ಪಬೇಡಿ. ಅಲ್ಲಿಗೆ ಹೋದರೂ ಕಲಿಸುವವರು ಬೇಕು.

ನಿಮ್ಮ ಮಗು ಈಗ ಎಂಟನೆಯದರಲ್ಲಿ ಇದ್ದರೆ ಇಷ್ಟು ನೋಡಿಕೊಳ್ಳಿ. ಚಿಕ್ಕಂದಿನಲ್ಲಿ ಮಾಡಿಸಿದ ಪ್ರಮಾಣಪತ್ರ ಇದೆಯಲ್ಲ ಅಂತ ಕೂರಬೇಡಿ, 14 ವರ್ಷಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತೆ, ಮತ್ತೊಮ್ಮೆ 18ಕ್ಕೆ. ನಿಮ್ಹಾನ್ಸ್ ಇರಲಿ, ಜಿಲ್ಲಾಸ್ಪತ್ರೆ ಇರಲಿ, ಕ್ಯೂ ಇದ್ದೇ ಇರುತ್ತೆ, ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗಲ್ಲ. ಲಿಪಿಕಾರ, ಅಂದರೆ ಬರೆದುಕೊಡುವವರು ಬೇಕು ಅಂತಾದರೆ ಕೆಳಗಿನ ತರಗತಿಯ ಮಗುವನ್ನು ಹುಡುಕಬೇಕು, ಹುಡುಕಿದ ಮೇಲೆ ಇಬ್ಬರನ್ನೂ ಕೂರಿಸಿ ಅಭ್ಯಾಸ ಮಾಡಿಸಬೇಕು. ಉತ್ತರವನ್ನು ಬಾಯಲ್ಲಿ ಸಾಲಾಗಿ ಹೇಳಿ ಬರೆಸುವುದು ಒಂದು ವಿದ್ಯೆ, ಅದು ಪರೀಕ್ಷೆಯ ದಿನ ತಾನಾಗೇ ಬರುವುದಿಲ್ಲ. ಬರೆದುಕೊಡುವ ಒಂಬತ್ತನೇ ಕ್ಲಾಸಿನ ಹುಡುಗನಿಗೆ ದ್ಯುತಿಸಂಶ್ಲೇಷಣೆ ಅನ್ನುವ ಪದ ಬರೆಯಲು ಬರುತ್ತಾ ಅನ್ನುವುದನ್ನೂ ನೋಡಿಕೊಳ್ಳಿ. ಗಣಿತ ಬಿಡಿಸೋಣ ಅಂತ ಯಾರಾದರೂ ಹೇಳಿದರೆ, ಕಲಿಸಲು ಇಲ್ಲಿಯವರೆಗೆ ಏನೇನು ಮಾಡಿದಿರಿ ಅಂತ ಕೇಳಿ, ಬರೆದು ಕೊಡಲು ಹೇಳಿ. ಕಾಯ್ದೆಯ 16ನೇ ಸೆಕ್ಷನ್ ಒಂದು ಪ್ರಿಂಟ್ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು.